ಎರ್ರಣ್ಣ ಸಾರದ ಡಂಗುರ

ಮುದ್ದನಗುಂಡಿನ ಎರ್ರಣ್ಣ ಡಂಗುರ ಸಾರುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಯಾವಾಗ ಬಿಟ್ಟೆ ಎಂದು ಯಾರಾದರೂ ಕೇಳಿದರೆ ತಾರೀಖು, ವಾರ ಸಮೇತ ಹೇಳುತ್ತಿದ್ದ. ಮಗಳು ಭಾಗ್ಯಳಿಗೆ ಕುರುಗೋಡಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕ ಹೊಸತು. ಜೊತೆಯ ಇಬ್ಬರು ಟೀಚರುಗಳನ್ನು ಊಟಕ್ಕೆಂದು ಮನೆಗೆ ಕರೆತಂದಿದ್ದಳು. ಎಲ್ಲರೂ ತಟ್ಟೆಯ ಮುಂದೆ ಕೂತಿರುವಾಗ ಪಂಚಾಯ್ತಿ ಮೆಂಬರನೊಬ್ಬ ಓಣಿಯ ತುದಿಯಲ್ಲೇ ನಿಂತು, "ಲೇ ಎರ್ರ, ನೀರಿನ ಕಂದಾಯದ್ದು ಸಾರಬೇಕು, ಎದ್ದು ಬಾರಲೇ" ಎಂದು ಕೂಗಿದ. ಭಾಗ್ಯ ಸಾರಿನ ಪಾತ್ರೆ ಹಿಡಿದವಳು ಬಡಿಸುವುದನ್ನು ಮರೆತು ನಿಂತುಬಿಟ್ಟಳು. ಎರ್ರಣ್ಣ ಅವತ್ತು ಎದ್ದು ಹೋಗಿ ಸಾರಿ ಬಂದ. ಮರುದಿನ ಬೆಳಿಗ್ಗೆ ಡಂಗುರಕ್ಕೆ ಬಾರಿಸುವ ಪಂಚಾಯ್ತಿಯ ಹಲಗೆಯನ್ನು ಪಂಚಾಯ್ತಿಯ ಮೇಜಿನ ಮೇಲೇ ಇಟ್ಟ.

"ಇನ್ನ ನಾ ಬಾರ್ಸಂಗಿಲ್ಲ. ಹಲಗಿ ಮುಟ್ಟಿತು ಅಂತ ಬರದು ಕೊಡ್ರಿ."

ಅಲ್ಲಿದ್ದವರು ನಕ್ಕರು. ಅವನ ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ಆ ಊರಿನ ಓಣಿಗಳಲ್ಲಿ ಹಲಗೆ ಹೊಡೆದು ಸಾರಿದವರೇ. ಇವನೊಬ್ಬ ಬಿಡುತ್ತಾನಂತೆ, ಅದಕ್ಕೊಂದು ಚೀಟಿ ಬೇರೆ ಕೊಡಬೇಕಂತೆ. ಎರ್ರಣ್ಣ ಜಗಳವಾಡಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ಮಧ್ಯಾಹ್ನದವರೆಗೂ ನಿಂತ. ಕೊನೆಗೆ ಅವನನ್ನು ಸಾಗಹಾಕಲಿಕ್ಕಾಗಿ, 'ಒಂದು ಹಲಗೆ ವಾಪಸ್ ಪಡೆಯಲಾಗಿದೆ' ಎಂದು ಬರೆದು ಸೀಲು ಒತ್ತಿ ಕೊಟ್ಟರು. ಆ ಚೀಟಿಯನ್ನು ಅವನ ಹೆಂಡತಿ ಗಂಗಕ್ಕ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಳು.

ಆಮೇಲೆ ಎರ್ರಣ್ಣ ಕಾಲುವೆಯ ಸೌಡಿಯಾದ. ತೂಬಿನ ಬಳಿ ಹಗಲಿಡೀ ಇದ್ದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿಕೊಳ್ಳುವ ದಿನಗೂಲಿಯ ಕೆಲಸ. ಮಸ್ಟರ್ ಪುಸ್ತಕದಲ್ಲಿ ದಿನವೂ ಸಹಿ ಮಾಡಬೇಕು. ಭಾಗ್ಯ ಏಳನೇ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಹೆಸರು ಬರೆಯುವುದನ್ನು, ಆಮೇಲೆ ನಿಧಾನವಾಗಿ ಓದುವುದನ್ನು ಕಲಿಸಿದ್ದಳು. ಅಂದಿನಿಂದ ಅವನು ಎಲ್ಲಿಯೂ ಹೆಬ್ಬೆಟ್ಟು ಒತ್ತಿರಲಿಲ್ಲ.

ಅದು ಡಿಸೆಂಬರ್ ತಿಂಗಳ ಕೊನೆಯ ವಾರ. ಬೆಳಿಗ್ಗೆ ಎರ್ರಣ್ಣ ಚಪ್ಪಲಿ ಮೆಟ್ಟುತ್ತಿದ್ದಾಗ ಮನೆಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ಅವನಿಗೆ ಗುರುತು ಸಿಕ್ಕಿತು. ಕುರುಗೋಡು ಕಡೆಯ ಕುರಿಗಾರ್ತಿ ಪಾರಮ್ಮ. ಗಂಡ ತೀರಿಕೊಂಡ ಮೇಲೆ ಮೈದುನನನ್ನು ಜೊತೆಗಿಟ್ಟುಕೊಂಡು ತಾನೇ ಕುರಿ ಕಾಯುತ್ತಿದ್ದವಳು. ಭತ್ತ ಕೊಯ್ದಾದ ಮೇಲೆ ವರ್ಷವೂ ದೇಶನೂರಿನ ಕಡೆ, ಮುದ್ದನಗುಂಡಿನ ಕಡೆ ಬಂದು ಖಾಲಿ ಗದ್ದೆಗಳಲ್ಲಿ ಮಂದೆ ಕೂಡಿಸುತ್ತಿದ್ದಳು. ಗದ್ದೆಗೆ ಗೊಬ್ಬರ, ಕುರಿಗೆ ಮೇವು.

"ಎರ್ರಣ್ಣ ಅಂದ್ರ ನೀನ ಏನು?"

"ಹೌದು. ಏನಾತು?"

"ನಿನ್ನ ಬಾಯಿಗೆ ಹುಳ ಬೀಳ್ಲಿ. ನಮ್ಮ ಹಟ್ಟಿ ಮುಂದ ಬಂದು ಒಂದು ಮಾತು ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು? ಊರಾಗ ನಿಂತು ಹಲಗಿ ಬಾರ್ಸಿದಿ, ಅಡವ್ಯಾಗ ಇದ್ದೋರಿಗೆ ಕೇಳಬಾರದು ಅಂತ ಬಾರ್ಸಿದಿ."

ಎರ್ರಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಗಂಗಕ್ಕ ಗಾಬರಿಯಿಂದ ಹೊರಬಂದು ಒಂದು ಚೆಂಬು ನೀರು ತಂದಳು. ಪಾರಮ್ಮ ಅದರ ಕಡೆ ನೋಡದೆ "ಬ್ಯಾಡ" ಎಂದಳು. ಯಾಕೆ ಬೇಡವೆಂದು ಆ ಓಣಿಯವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎರ್ರಣ್ಣ ಆ ಚೆಂಬನ್ನು ಕಟ್ಟೆಯ ಮೇಲಿಡಿಸಿ, "ನಿಂತು ಬಯ್ಯಬ್ಯಾಡ. ಏನಾತು ಅದನ್ನ ಹೇಳು" ಎಂದ.

ಅವಳು ಹೇಳಿದಳು. ನವೆಂಬರಿನಲ್ಲಿ ತಾಲ್ಲೂಕಿನ ಒಂದೆರಡು ಹಳ್ಳಿಗಳಲ್ಲಿ ಕುರಿಗಳಿಗೆ ಸಿಡುಬು ಬಂದಿತ್ತಂತೆ. ಮೂತಿ, ಕಿವಿ, ಬಾಲದ ಅಡಿ, ಉಣ್ಣೆಯಿಲ್ಲದ ಕಡೆಯೆಲ್ಲ ಗಂಟು ಏಳುವ ರೋಗ. ಗಾಳಿಯಿಂದ, ಸ್ಪರ್ಶದಿಂದ, ಗಂಟಿನಿಂದ ಉದುರಿದ ಹಕ್ಕಳೆಯಿಂದ ಹರಡುತ್ತದೆ. ಮರಿಗಳು ಉಳಿಯುವುದು ಕಷ್ಟ. ಸರ್ಕಾರದವರು ಕಾನೂನಿನ ಪ್ರಕಾರ ಮುದ್ದನಗುಂಡೂ ಸೇರಿ ಸುತ್ತಲಿನ ಹದಿನಾಲ್ಕು ಹಳ್ಳಿಗಳನ್ನು ನಿಯಂತ್ರಿತ ಪ್ರದೇಶವೆಂದು ಸಾರಿದರು. ಅಲ್ಲಿಂದ ಕುರಿ ಹೊರಗೆ ಹೋಗಬಾರದು, ಒಳಗೆ ಬರಬಾರದು. ಇದ್ಯಾವುದೂ ಗೊತ್ತಿಲ್ಲದೆ ಮುದ್ದನಗುಂಡಿನ ಗದ್ದೆಗಳಲ್ಲಿ ಇಳಿದಿದ್ದ ಪಾರಮ್ಮ ಡಿಸೆಂಬರ್ ಎರಡರಂದು ತನ್ನ ಎಂಬತ್ನಾಲ್ಕು ಕುರಿ ಹೊಡೆದುಕೊಂಡು ಕುರುಗೋಡು ದಾರಿ ಹಿಡಿದಳು. ಚೆಕ್‌ಪೋಸ್ಟಿನಲ್ಲಿ ತಡೆದರು. ಕೇಸು ಹಾಕಿ, ಕುರಿಗಳನ್ನು ಜಪ್ತಿ ಮಾಡಿ, ಸಿರುಗುಪ್ಪದ ಹೊರಗೆ ಮುಳ್ಳುತಂತಿ ಸುತ್ತಿದ ಒಂದು ಬಯಲಿಗೆ ತುಂಬಿದರು. ಆ ಬಯಲಿನಲ್ಲಿ ಸಿಡುಬು ಎದ್ದ ಕುರಿಗಳೂ ಇದ್ದವು. ನಡುವೆ ಒಂದು ಹಗ್ಗ ಕೂಡ ಕಟ್ಟಿರಲಿಲ್ಲ.

"ನನ್ನ ಕುರಿಗೆ ಏನೂ ಇದ್ದಿಲ್ಲ. ಮೈ ತಡವಿ ನೋಡ್ರಿ ಅಂತ ಬಡಕಂಡೆ. ಹನ್ನೊಂದು ದಿನಕ್ಕ ಮೊದಲನೇ ಮರಿ ಮೂತಿ ಮ್ಯಾಲೆ ಗಂಟು ಎದ್ವು. ಮೂವತ್ತೇಳು ಹೋದ್ವು. ಮೂವತ್ತೇಳು. ಹಾಲು ಕುಡಿಯಾಕ ಬಾಯಿ ತೆರಿಯಾಕ ಆಗದಂಗ ಹೋದ್ವು. ನನಗ್ಯಾರೂ ಹೇಳಿಲ್ರಿ ಅಂದ್ರ, ಒಂದು ಕಾಗದದಾಗ ನಿನ್ನ ಹೆಸರು ತೋರಿಸಿದ್ರು. ಎರ್ರಣ್ಣ ಸಾರ್ಯಾನ, ನಿನಗ ಕಿವಿ ಇಲ್ಲಂದ್ರ ನಾವೇನ ಮಾಡಬೇಕು ಅಂದ್ರು."

ಮೈದುನ ಆ ಕಾಗದದ ಫೋಟೋ ಹೊಡೆದುಕೊಂಡಿದ್ದ. ಪಾರಮ್ಮ ಫೋನು ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ಎರ್ರಣ್ಣ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. ನವೆಂಬರ್ ಇಪ್ಪತ್ನಾಲ್ಕರಂದು ಮುದ್ದನಗುಂಡು ಗ್ರಾಮದ ಎಲ್ಲ ಓಣಿಗಳಲ್ಲಿ ಡಂಗುರದ ಎರ್ರಣ್ಣನಿಂದ ಹಲಗೆ ಹೊಡೆಸಿ ಪ್ರಚಾರ ಮಾಡಿಸಲಾಯಿತು ಎಂದಿತ್ತು. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಪಕ್ಕದಲ್ಲಿ, 'ಎರ್ರಣ್ಣನ ಎಡಗೈ ಹೆಬ್ಬೆಟ್ಟಿನ ಗುರುತು'.

ಅವನು ತಲೆ ಎತ್ತಿದಾಗ ಗಂಗಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನ ಮುಖ ಹಾಗಾದದ್ದನ್ನು ಅವಳು ನೋಡಿರಲಿಲ್ಲ.

"ನಾ ಹಲಗಿ ಬಿಟ್ಟು ಆರು ವರ್ಷ ಆತು" ಎಂದ ಪಾರಮ್ಮನಿಗೆ. "ಇದು ನನ್ನ ಹೆಬ್ಬಟ್ಟಲ್ಲ."

"ಹಂಗಾದ್ರ ಯಾರದು?"

"ಬಾ, ಕೇಳೋಣು."

ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರ್ ವಿರೂಪಾಕ್ಷಿ ಒಬ್ಬನೇ ಕೂತು ಚಹಾ ಕುಡಿಯುತ್ತಿದ್ದ. ಕೇಳಿದರೆ ಅವನು ಮುಚ್ಚಿಡಲೂ ಇಲ್ಲ, ನಾಚಲೂ ಇಲ್ಲ.

"ಅದಾ? ಮ್ಯಾಲಿಂದ ಫೋನ್ ಬಂತು. ಡಂಗುರದ ಮಹಜರು ಸಂಜಿಯೊಳಗ ಬೇಕು ಅಂದ್ರು. ಸಾರಾಕ ಯಾರದಾರ ಈಗ? ಊರಾಗ ಡಂಗುರ ಅಂದ್ರ ನಿಮ್ಮ ಮನೆತಾನ ಅಲ್ಲೇನು. ನಿನ್ನ ಹೆಸರು ಹಾಕಿ ಕಳಿಸಿದೆ."

"ಬಟ್ಟು ಯಾರದು?"

"ಯಾರದರ ಆಗ್ಲಿ ಬಿಡು ಮಾರಾಯ. ನಿನಗೇನ ಲುಕ್ಸಾನಾತು?"

ಎರ್ರಣ್ಣನ ಕಣ್ಣು ವಿರೂಪಾಕ್ಷಿಯ ಹೆಬ್ಬೆರಳ ಮೇಲೆ ಹೋಯಿತು. ಮೇಜು ಎತ್ತಿ ಅವನ ಮೇಲೆ ಕೆಡವಬೇಕೆಂಬ ಸಿಟ್ಟು ಬಂತು. ಕೆಡವಿದರೆ ನಾಳೆ ಇಡೀ ಊರು ಮೇಜಿನ ಬಗ್ಗೆ ಮಾತಾಡುತ್ತದೆ, ಬಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂದು ಹೊಳೆದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಈ ಹೆಣ್ಮಗಳ ಕುರಿ ಸತ್ತಾವು. ನನ್ನ ಹೆಸರ ಮ್ಯಾಲೆ ಸತ್ತಾವು. ಲುಕ್ಸಾನು ಅದು. ಬ್ಯಾಡಾಂತ ಈ ಟೇಬಲ್ ಮ್ಯಾಲೆ ಇಟ್ಟು ಹೋದ ಕೆಲಸಾನ ನೀನು ಮತ್ತ ನನ್ನ ಕೊರಳಿಗೆ ಹಾಕೀದಿ. ಅದೂ ಲುಕ್ಸಾನು."

ವಿರೂಪಾಕ್ಷಿ ಚಹಾದ ಲೋಟ ಕೆಳಗಿಟ್ಟು, "ಸಿರುಗುಪ್ಪಕ್ಕ ಹೋಗಿ ಸಾಹೇಬ್ರಿಗೆ ಹೇಳು, ನನಗ್ಯಾಕ ಹೇಳ್ತಿ" ಎಂದ.

ಸಿರುಗುಪ್ಪದಲ್ಲಿ ರೋಗ ತಡೆಯುವ ಕೆಲಸದ ಉಸ್ತುವಾರಿ ಹೊತ್ತಿದ್ದ ಇನ್‌ಸ್ಪೆಕ್ಟರರೊಬ್ಬರು ಸಮಾಧಾನವಾಗಿ ಕೂಡಿಸಿಕೊಂಡು ಕೇಳಿದರು. ಕೇಳಿಯಾದ ಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನೋಡು ಎರ್ರಣ್ಣ, ಆಗಿದ್ದು ಆತು. ಇವತ್ತು ಊರಿಗೆ ಹೋಗಿ ಒಂದು ಸುತ್ತು ಬಾರ್ಸಿಬಿಡು. ಹಳೇ ತಾರೀಖಿಗೆ ಸರಿ ಹೋಗ್ತದ. ನಿನ್ನ ಕೂಲಿನೂ ಬರ್ತದ."

"ಸುಳ್ಳನ್ನ ಖರೇ ಮಾಡಾಕ ನನ್ನ ಕರಿತೀರೇನ್ರಿ?"

"ಸರ್ಕಾರಿ ಕೆಲಸಕ್ಕ ಅಡ್ಡಿ ಮಾಡಿದ್ರ ಅದಕ್ಕೂ ಕಾನೂನು ಐತಿ. ನೀನು ಕಾಲುವಿ ಮ್ಯಾಲೆ ಕೆಲಸ ಮಾಡ್ತಿ ಅಲ್ಲ?"

ಅದು ಬೆದರಿಕೆ ಎಂದು ತಿಳಿಯಲು ಎರ್ರಣ್ಣನಿಗೆ ಓದು ಬೇಕಿರಲಿಲ್ಲ. ಅವನು ಹೊರಗೆ ಬಂದಾಗ ಪಾರಮ್ಮ ಬೇವಿನ ಗಿಡದ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳಿಗೆ ಒಂದೇ ಮಾತು ಹೇಳಿದ. "ಬಳ್ಳಾರಿಗೆ ಹೋಗಾಕ ಬೇಕು."

ಎರಡು ದಿನ ಬಿಟ್ಟು ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟರು. ಪಾರಮ್ಮ ಮುಂದೆ ಹೆಂಗಸರ ಸೀಟಿನಲ್ಲಿ, ಇವನು ಕಟ್ಟಕಡೆಯ ಸೀಟಿನಲ್ಲಿ. ಬಳ್ಳಾರಿಯಲ್ಲಿ ಇಳಿದು ಚಹಾದ ಅಂಗಡಿಯ ಮುಂದೆ ನಿಂತಾಗ ಅವಳು ತನ್ನ ಲೋಟ ಹಿಡಿದು ನಾಲ್ಕು ಹೆಜ್ಜೆ ಆಚೆ ಹೋದಳು. ಎರ್ರಣ್ಣ ಅದನ್ನು ನೋಡಿದ.

"ಪಾರಮ್ಮ, ಒಂದು ಮಾತು ತಿಳಕೊ. ನಾ ಬಂದಿದ್ದು ನಿನ್ನ ಕುರಿಗಲ್ಲ. ನನ್ನ ಹೆಸರಿಗೆ ಬಂದೀನಿ."

"ನಾನೂ ನಿನ್ನ ಸಲುವಾಗಿ ಬಂದಿಲ್ಲ" ಎಂದಳು ಅವಳು.

ಅಲ್ಲಿಗೆ ಆ ಮಾತು ಮುಗಿಯಿತು. ಇಬ್ಬರಿಗೂ ಒಂಥರಾ ಹಗುರವಾಯಿತು.

ಗಾಂಧಿನಗರದ ಪಶು ಇಲಾಖೆಯ ಕಚೇರಿಯಲ್ಲಿ ರಘೋತ್ತಮ ಎಂಬ ಗುಮಾಸ್ತರಿದ್ದರು. ಹಣೆಗೆ ಅಂಗಾರ ಅಕ್ಷತೆ, ಮೂಗಿನ ತುದಿಗೆ ಕನ್ನಡಕ, ನಿವೃತ್ತಿಗೆ ಇನ್ನು ಎಂಟು ತಿಂಗಳು. ಬಂದವರನ್ನು ಅವರು ಬೇರೆ ಟೇಬಲಿಗೆ ಕಳಿಸಬಹುದಿತ್ತು. ಎರ್ರಣ್ಣ ಹೇಳಿದ್ದನ್ನು ಕೇಳುತ್ತ ಕೇಳುತ್ತ ಅವರ ಕೈಯಲ್ಲಿದ್ದ ಪೆನ್ನು ನಿಂತಿತು. ಎದ್ದು ಬೀರುವಿನಿಂದ ಒಂದು ತೆಳ್ಳಗಿನ ಪುಸ್ತಕ ತೆಗೆದರು.

"ಇದು ಎರಡು ಸಾವಿರದ ಒಂಬತ್ತರ ಕಾಯ್ದೆ. ಪ್ರಾಣಿಗಳ ಅಂಟುರೋಗ ತಡಿಯೋದು. ಇಂಗ್ಲೀಷಿನಾಗ ಅದ. ನಾನು ಓದ್ತೀನಿ, ನೀವು ಕೇಳ್ರಿ."

ಅವರು ಒಂದು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ರೋಗ ಕಂಡ ಮಾಲೀಕ ತಾನೇ ಹೋಗಿ ತಿಳಿಸಬೇಕು. ಸೋಂಕಿದ ಪ್ರಾಣಿಯನ್ನು ಉಳಿದವುಗಳಿಂದ ಬೇರೆ ಇಡಬೇಕು. ನಿಯಂತ್ರಿತ ಪ್ರದೇಶ ಎಂದು ಹೊರಡಿಸಿದ ಆದೇಶವನ್ನು ಅಲ್ಲಿನ ಜನರ ಭಾಷೆಯ ಪತ್ರಿಕೆಯಲ್ಲಿ ಹಾಕಬೇಕು, ಗಟ್ಟಿಯಾಗಿ ಕೂಗಿ, ಡಂಗುರ ಹೊಡೆಸಿ ಸಾರಬೇಕು. ಅಂಥ ಪ್ರದೇಶದಲ್ಲಿ ಆ ಪ್ರಾಣಿಗಳ ಸಂತೆ ನಡೆಸಬಾರದು.

ಕೊನೆಯದನ್ನು ಕೇಳಿ ಪಾರಮ್ಮ ತಟ್ಟನೆ ತಲೆ ಎತ್ತಿದಳು. "ಕುರಿ ಸಂತಿ ಒಂದು ವಾರನೂ ನಿಂತಿಲ್ಲ ಸ್ವಾಮಿ. ನನ್ನ ಕುರಿ ಬಯಲಾಗ ಸಾಯ್ತಿದ್ದಾಗ ರಸ್ತೆದಾಗ ಟೆಂಪೋ ಮ್ಯಾಲೆ ಟೆಂಪೋ ಕುರಿ ತುಂಬಿ ಹೋಗ್ತಿದ್ವು. ಅವನ್ನ ಯಾವ ಚೆಕ್‌ಪೋಸ್ಟಿನಾಗೂ ತಡಿಲಿಲ್ಲ."

ರಘೋತ್ತಮ ಪುಸ್ತಕ ಮುಚ್ಚಿದರು.

"ಅಂದ್ರ ನಾ ಮುರದದ್ದು ಒಂದು. ಅವರು ಮುರದದ್ದು ಎಷ್ಟಾದ್ವು?" ಅವಳ ದನಿ ಏರಲಿಲ್ಲ, ಆದರೆ ಪಕ್ಕದ ಟೇಬಲುಗಳವರು ತಿರುಗಿ ನೋಡಿದರು. "ಕಾನೂನು ಛಲೋ ಐತ್ರಿ. ಇದರಾಗ ಕೆಟ್ಟದ್ದು ಒಂದು ಮಾತಿಲ್ಲ. ನಮ್ಮ ಹಿರೇರೂ ಜಡ್ಡಿನ ಕುರಿನ ಬ್ಯಾರೆ ಕಟ್ಟತಿದ್ರು. ಹಂಗಿದ್ರ ನನ್ನ ಕುರಿ ಯಾಕ ಸತ್ವು?"

"ತಾಯಿ, ನಾನು ಗುಮಾಸ್ತ" ಎಂದರು ರಘೋತ್ತಮ. ಆ ಮಾತು ಅವರಿಗೇ ಸಪ್ಪೆ ಎನಿಸಿರಬೇಕು. ಒಂದು ಹಾಳೆ ತೆಗೆದು, ಯಾವ ಕಾಗದದ ನಕಲು ಕೇಳಬೇಕು, ಮಾಹಿತಿ ಹಕ್ಕಿನಲ್ಲಿ ಹೇಗೆ ಅರ್ಜಿ ಹಾಕಬೇಕು ಎಂದು ತಮ್ಮ ಕೈಯಾರೆ ಬರೆದುಕೊಟ್ಟರು. ಕೆಳಗೆ ಬ್ರೂಸ್‌ಪೇಟೆಯ ಒಬ್ಬ ವಕೀಲರ ವಿಳಾಸ ಬರೆದರು. ಇವರು ಮೆಟ್ಟಿಲು ಇಳಿಯುವಾಗ ಹಿಂದೆಯೇ ಬಂದು, "ನನ್ನ ಹೆಸರು ಎಲ್ಲೂ ಹೇಳಬ್ಯಾಡ್ರಿ" ಎಂದರು. ಎರ್ರಣ್ಣನಿಗೆ ಅವರ ಮೇಲೂ ಸಿಟ್ಟು ಬಂತು. ಇವರ ಹೆಸರನ್ನು ಹೇಳಬಾರದು, ತನ್ನ ಹೆಸರನ್ನು ಮಾತ್ರ ಯಾರು ಎಲ್ಲಿ ಬೇಕಾದರೂ ಬರೆದುಕೊಳ್ಳಬಹುದು.

ವಕೀಲೆ ಶೈಲಜಾ ಅವರ ಆಫೀಸು ಬ್ರೂಸ್‌ಪೇಟೆಯ ಇಕ್ಕಟ್ಟಾದ ಸಂದಿಯಲ್ಲಿ, ಸಗಟು ಮೆಣಸಿನಕಾಯಿ ಅಂಗಡಿಯ ಮೇಲಿತ್ತು. ಘಾಟಿಗೆ ಎರ್ರಣ್ಣ ಸೀನುತ್ತಲೇ ಕತೆ ಹೇಳಿದ. ಶೈಲಜಾ ನಲವತ್ತರ ಆಸುಪಾಸಿನ, ನೇರ ಮಾತಿನ ಹೆಂಗಸು. ಕೇಳಿದ ಮೊದಲ ಪ್ರಶ್ನೆಯೇ ಬೇರೆ.

"ನವೆಂಬರ್ ಇಪ್ಪತ್ನಾಕಕ್ಕ ನೀವು ಎಲ್ಲಿದ್ರಿ?"

"ತೂಬಿನ್ಯಾಗ್ರಿ. ಊರಿಂದ ಹನ್ನೆರಡು ಕಿಲೋಮೀಟ್ರು. ತಡವಾಗಿ ನಾಟಿ ಮಾಡಿದ್ದ ಗದ್ದಿಗೆ ಕಡೀ ನೀರು ಬಿಡೋ ದಿನ. ಮುಂಜಾನಿಂದ ಸಂಜಿತನ ಮಸ್ಟರಿನಾಗ ಸಹಿ ಐತಿ."

"ಸಹಿ ಮಾಡ್ತೀರಾ?"

"ಮಾಡ್ತೀನ್ರಿ" ಎಂದ ಎರ್ರಣ್ಣ. ಅವತ್ತಿನ ಮಟ್ಟಿಗೆ ಅವನ ದನಿಯಲ್ಲಿ ಸಿಟ್ಟಿಲ್ಲದ ಒಂದೇ ಮಾತು ಅದು.

ಅವರು ನಕಲುಗಳಿಗೆ ಅರ್ಜಿ ಹಾಕಿದರು. ನಕಲು ಬರಲು ಫೆಬ್ರವರಿ ಕಳೆಯಿತು. ಅಷ್ಟರಲ್ಲಿ ಊರಲ್ಲಿ ಎರ್ರಣ್ಣನ ಬಗ್ಗೆ ಮಾತು ಶುರುವಾಗಿತ್ತು. ಕುರುಬರ ಹೆಂಗಸಿನ ಕೇಸಿಗೆ ಇವನ್ಯಾಕೆ ಓಡಾಡುತ್ತಾನೆ, ಎಷ್ಟು ತಿಂದಿದ್ದಾನೆ ಎಂದು. ಭಾಗ್ಯ ರಜೆಗೆ ಬಂದವಳು ಅಪ್ಪನ ಮುಂದೆ ಕೂತಳು.

"ಅಪ್ಪಾ, ಬಿಟ್ಟುಬಿಡು ಅನ್ನಾಕ ಬಂದಿದ್ದೆ. ಆ ಕಾಗದ ನೋಡಿದ ಮ್ಯಾಲೆ ಅನ್ನಾಕ ಆಗವಲ್ದು. ಕೋರ್ಟಿನಾಗ ಸಿಟ್ಟು ಮಾಡಬ್ಯಾಡ. ಅಷ್ಟ."

"ಸಿಟ್ಟು ಇದ್ರ ತಾನವ್ವ ಕೋರ್ಟಿಗೆ ಹೋಗೋದು."

"ಒಳಗ ಇಟ್ಟಕೊ."

ಏಪ್ರಿಲಿನಲ್ಲಿ ಕೇಸು ಸಿರುಗುಪ್ಪದ ಕೋರ್ಟಿನಲ್ಲಿ ಬಂತು. ಪಾರಮ್ಮ ಕಟಕಟೆಯ ಬಳಿ ಕಂಬಳಿ ಮಡಚಿ ಹಿಡಿದು ನಿಂತಳು. ಎರ್ರಣ್ಣ ಅವಳ ಕಡೆಯ ಸಾಕ್ಷಿ. ಸರ್ಕಾರಿ ವಕೀಲರು ಮಹಜರಿನ ಕಾಗದ ಹಿಡಿದು ಕೇಳಿದರು.

"ಎರ್ರಣ್ಣ ಅಂದರೆ ನೀವೇ ಅಲ್ಲವೇ? ಡಂಗುರ ಸಾರುವುದು ನಿಮ್ಮ ವಂಶದ ಕೆಲಸ ಅಲ್ಲವೇ?"

"ಆಗಿತ್ತು. ಈಗ ಅಲ್ಲ."

"ಆ ದಿನ ನೀವು ಸಾರಿ, ಈಗ ಆರೋಪಿಯ ಒತ್ತಾಯಕ್ಕೆ ಇಲ್ಲ ಎನ್ನುತ್ತಿದ್ದೀರಿ."

ಎರ್ರಣ್ಣ ಒಳಗೆ ಇಟ್ಟುಕೊ ಎಂದ ಮಗಳ ಮಾತು ನೆನೆದು ಉಸಿರು ಎಳೆದುಕೊಂಡ. ಶೈಲಜಾ ಒಂದೊಂದೇ ಕಾಗದ ಮುಂದಿಟ್ಟರು. ಆರು ವರ್ಷದ ಹಿಂದೆ ಪಂಚಾಯ್ತಿ ಸೀಲು ಒತ್ತಿ ಕೊಟ್ಟ ಚೀಟಿ. ಆ ದಿನದ ಮಸ್ಟರಿನ ನಕಲು, ಅದರಲ್ಲಿ ಎರಡು ಹೊತ್ತಿನ ಸಹಿ. ಇಪ್ಪತ್ತು ವರ್ಷದ ಬ್ಯಾಂಕಿನ ಚೀಟಿ, ಓಟಿನ ಅರ್ಜಿ, ಎಲ್ಲದರಲ್ಲಿಯೂ ಸಹಿ. ಮ್ಯಾಜಿಸ್ಟ್ರೇಟರು ಎಲ್ಲವನ್ನೂ ತಿರುವಿ ನೋಡಿ, "ನೀವು ಹೇಳುವುದು ಇನ್ನೇನಾದರೂ ಇದೆಯೇ?" ಎಂದು ಕೇಳಿದರು.

"ಒಂದು ಮಾತ್ರಿ" ಎಂದ ಎರ್ರಣ್ಣ. "ನಾ ಹಲಗಿ ಹೊಡೆವಾಗ ಅಡವ್ಯಾಗ ಕುರಿಯೋರು ಇಳದಾರ ಅಂತ ಗೊತ್ತಾದ್ರ ಅಲ್ಲಿತನ ನಡಕೊಂಡು ಹೋಗಿ ಹೇಳಿ ಬರ್ತಿದ್ದೆ. ಸಾರೀನಿ ಅಂದ್ರ ಕೇಳಿರಬೇಕು. ಇವರು ನನ್ನ ಹೆಸರು ಹಾಕ್ಯಾರ, ಅಷ್ಟು ಸೈತ ಮಾಡಿಲ್ಲ. ನಾನ ಸಾರಿದ್ರ ಈಕಿ ಕುರಿ ಬದುಕತಿದ್ವು."

ವಿರೂಪಾಕ್ಷಿಯನ್ನು ಕರೆದು ಕೇಳಿದಾಗ ಅವನು ಮೊದಲು ನೆನಪಿಲ್ಲ ಎಂದ. ಆಮೇಲೆ ಒತ್ತಡ ಇತ್ತು ಎಂದ. ಜೂನಿನಲ್ಲಿ ತೀರ್ಪು ಬಂತು. ಆದೇಶವನ್ನು ಕಾನೂನು ಹೇಳಿದ ರೀತಿಯಲ್ಲಿ ಸಾರಿದ್ದು ಸಾಬೀತಾಗಿಲ್ಲ, ಪಾರಮ್ಮನ ಮೇಲಿನ ಕೇಸು ವಜಾ.

ಕೋರ್ಟಿನ ಹೊರಗೆ ಪಾರಮ್ಮ ಸುಮ್ಮನೆ ನಿಂತಿದ್ದಳು. ಗೆದ್ದವಳ ಮುಖವಲ್ಲ ಅದು. "ಕೇಸು ಹೋತು. ಕುರಿ?" ಎಂದು ಶೈಲಜಾರನ್ನು ಕೇಳಿದಳು. ಅದಕ್ಕೆ ಬೇರೆ ದಾವೆ ಹಾಕಬೇಕು, ವರ್ಷಗಳು ಹಿಡಿಯಬಹುದು ಎಂದರು ಅವರು. "ಹಾಕ್ರಿ" ಎಂದಳು ಪಾರಮ್ಮ.

ವಿರೂಪಾಕ್ಷಿಗೆ ಒಂದು ನೋಟಿಸು ಬಂತು. ಅದಕ್ಕೆ ಅವನು ಉತ್ತರ ಬರೆದ. ಅದೇ ಕುರ್ಚಿಯಲ್ಲಿ ಕೂತು ಬರೆದ. ಜುಲೈನಲ್ಲಿ ಕಾಲುವೆಗೆ ನೀರು ಬಿಡುವ ಮುಂಚೆ ಸೌಡಿಗಳ ಪಟ್ಟಿ ಹಚ್ಚಿದರು. ಎರ್ರಣ್ಣ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಓದಿದ. ಅವನ ಹೆಸರಿರಲಿಲ್ಲ. ಯಾಕೆಂದು ಕೇಳಿದರೆ ವಯಸ್ಸಾಯಿತು ಎಂದರು. ಅವನಿಗಿಂತ ಮೂರು ವರ್ಷ ಹಿರಿಯನ ಹೆಸರು ಪಟ್ಟಿಯಲ್ಲಿ ಎರಡನೆಯದಾಗಿತ್ತು. ಅವನು ಅದಕ್ಕೂ ಒಂದು ಅರ್ಜಿ ಕೊಟ್ಟು, ಬೇರೆಯವರ ಗದ್ದೆಗೆ ಕಳೆ ಕೀಳಲು ಹೋಗತೊಡಗಿದ.

ಹಾಗೆ ಕಳೆ ಕೀಳಲು ಹೋಗಿದ್ದು ಒಂದು ದಿನ ರಾಮಾಂಜಿನಿಯ ಗದ್ದೆಗೆ. ರಾಮಾಂಜಿನಿ ಅದೇ ಊರಿನ ಸಣ್ಣ ರೈತ, ಹನ್ನೆರಡು ಕುರಿ ಸಾಕಿದ್ದ. ನೀರು ಕುಡಿಯಲು ಕೊಟ್ಟಿಗೆಯ ಕಡೆ ಹೋದ ಎರ್ರಣ್ಣನಿಗೆ, ಹಿಂದಿನ ಮೂಲೆಯಲ್ಲಿ ಗೋಣಿಚೀಲ ಅಡ್ಡ ಕಟ್ಟಿದ್ದು ಕಂಡಿತು. ಸರಿಸಿ ನೋಡಿದ. ಎರಡು ಮರಿಗಳು. ಮೂತಿಯ ತುಂಬ ಗಂಟು, ಕಣ್ಣು ಮುಚ್ಚಿ ಹೋಗಿತ್ತು.

"ಎಷ್ಟು ದಿನ ಆತು?"

ರಾಮಾಂಜಿನಿ ಹಿಂದೆ ಬಂದು ನಿಂತಿದ್ದ. "ನಾಕು ದಿನ. ಯಾರಿಗೂ ಹೇಳಬ್ಯಾಡ ಎರ್ರಣ್ಣ. ಭಾನುವಾರ ಸಂತಿಗೆ ಉಳಿದವನ್ನ ಹೊಡದುಬಿಡ್ತೀನಿ."

"ಸಂತಿಗೆ ಹೋದ್ರ ಹತ್ತು ಊರಿಗೆ ಹಚ್ಚತಿ."

"ಹೇಳಿದ್ರ ಏನಾಗತೈತಿ ಅಂತ ನಿನಗಿಂತ ಛಲೋ ಯಾರಿಗೆ ಗೊತ್ತೈತಿ? ಪಾರಮ್ಮಗ ಏನಾತು? ಅವರ ಬಯಲಿಗೆ ನನ್ನ ಕುರಿ ಬಿಡಲೇನು?"

ಎರ್ರಣ್ಣನಿಗೆ ಆ ಕಾಗದ ನೋಡಿದಾಗ ಬಂದ ಸಿಟ್ಟಿಗಿಂತ ದೊಡ್ಡ ಸಿಟ್ಟು ಈಗ ಬಂತು. ಪಾರಮ್ಮ ಬಳ್ಳಾರಿಯಲ್ಲಿ ಹೇಳಿದ್ದಳು, ಇದರಲ್ಲಿ ಕೆಟ್ಟ ಮಾತೊಂದೂ ಇಲ್ಲ ಎಂದು. ಅಂಥ ಕಾನೂನಿಗೆ ಜನ ಹೆದರಿ ಜಡ್ಡಿನ ಮರಿಯನ್ನು ಗೋಣಿಚೀಲದ ಹಿಂದೆ ಮುಚ್ಚಿಡುವ ಹಾಗೆ ಮಾಡಿದ್ದರು. ಒಂದು ಸುಳ್ಳು ಹೆಬ್ಬೆಟ್ಟಿನಿಂದ ಸತ್ತದ್ದು ಮೂವತ್ತೇಳೇ ಅಲ್ಲ, ಇನ್ನೂ ಎಷ್ಟು ಸಾಯಲಿಕ್ಕಿವೆಯೋ.

"ಅವರ ಬಯಲಿಗೆ ಬಿಡಬ್ಯಾಡ" ಎಂದ ಕೊನೆಗೆ. "ನಿನ್ನ ಹೊಲದಾಗ ಬ್ಯಾರೆ ಹಟ್ಟಿ ಹಾಕೋಣು. ನಾ ಬರ್ತೀನಿ ಜತಿಗೆ. ಬರವಣಿಗ್ಯಾಗ ಕೊಡೋಣು. ನಿನ್ನ ಕುರಿ ಒಂದನ್ನೂ ಒಯ್ಯಾಕ ಬಿಡಂಗಿಲ್ಲ. ನೋಡೇಬಿಡೋಣು."

ರಾಮಾಂಜಿನಿ ಅರ್ಧ ದಿನ ಒಪ್ಪಲಿಲ್ಲ. ಸಂಜೆಗೆ ಮೂರನೆಯ ಮರಿಯ ಮೂತಿಯಲ್ಲಿ ಕೆಂಪು ಕಂಡ ಮೇಲೆ ಹೂಂ ಎಂದ. ಮರುದಿನ ಇಬ್ಬರೂ ಸಿರುಗುಪ್ಪಕ್ಕೆ ಹೋಗಿ ಅದೇ ಇನ್‌ಸ್ಪೆಕ್ಟರರ ಮುಂದೆ ಅರ್ಜಿ ಇಟ್ಟರು. ಎರ್ರಣ್ಣನನ್ನು ನೋಡಿದ ಕೂಡಲೆ ಅವರ ಮುಖ ಕಪ್ಪಿಟ್ಟಿತು.

"ಡಾಕ್ಟರನ್ನ ಇವತ್ತ ಕಳಸ್ರಿ" ಎಂದ ಎರ್ರಣ್ಣ. "ಉಳದ ಊರಿನ ಕುರಿಗೆ ಸೂಜಿ ಹಾಕಸ್ರಿ. ಈ ಭಾನುವಾರದ ಸಂತಿ ಬಂದ್ ಮಾಡಸ್ರಿ. ಇದು ನಾ ಹೇಳೋದಲ್ಲ, ನಿಮ್ಮ ಪುಸ್ತಕದಾಗ ಐತಿ. ಮಾಡದಿದ್ರ ನಾ ಎಲ್ಲಿಗೆ ಹೋಗ್ತೀನಿ ಅಂತ ನಿಮಗ ಗೊತ್ತೈತಿ."

ಡಾಕ್ಟರು ಸಂಜೆಗೇ ಬಂದರು. ಎಳೆಯ ಹೆಣ್ಣುಮಗಳು, ಕೆಲಸ ಬಲ್ಲವಳು. ಹೊಲದ ಮೂಲೆಯಲ್ಲಿ ಮುಳ್ಳಿನ ಹಟ್ಟಿ ಹಾಕಿಸಿ, ರಾಮಾಂಜಿನಿಯ ಜಡ್ಡಿನ ಕುರಿಗಳನ್ನು ಅಲ್ಲೇ ಇರಿಸಿದಳು. ಊರಿನ ಉಳಿದ ಮಂದೆಗಳಿಗೆ ಸೂಜಿ ಬಿತ್ತು. ಇಷ್ಟು ಸುಲಭದ ಕೆಲಸ ಅದು. ನೋಡುತ್ತ ನಿಂತ ಎರ್ರಣ್ಣನಿಗೆ ಅದೇ ಹೆಚ್ಚು ಉರಿಸಿತು.

ಊರನ್ನು ಮತ್ತೆ ನಿಯಂತ್ರಿತ ಪ್ರದೇಶವೆನ್ನುವ ಆದೇಶ ಬಂದಾಗ ಸಾರುವ ಪ್ರಶ್ನೆ ಎದ್ದಿತು. ಇನ್‌ಸ್ಪೆಕ್ಟರರು ಊರಿಗೆ ಬಂದು, ಪಂಚಾಯ್ತಿ ಮುಂದೆ ಎಲ್ಲರೂ ಇರುವಾಗ, ಹಲ್ಲು ಕಚ್ಚಿ ಮರ್ಯಾದೆಯಿಂದಲೇ ಕೇಳಿದರು. "ಎರ್ರಣ್ಣನವರ, ಈ ಸಲ ಸರಿಯಾಗಿ ಆಗಲಿ. ನೀವ ಸಾರಿಬಿಡ್ರಿ."

"ನಾ ಬಿಟ್ಟೀನ್ರಿ. ಆಟೋ ತರ್ರಿ, ಮೈಕ್ ತರ್ರಿ. ಹಲಗಿನೂ ಬೇಕಂದ್ರ ಪಂಚಾಯ್ತ್ಯಾಗ ಐತಿ, ನಿಮ್ಮೋರ ಹೊಡೀಲಿ. ಆದೇಶ ನಿಮ್ಮದು, ನೀವ ಓದ್ರಿ."

ಜನ ನಗಲಿಲ್ಲ. ಬಿಸಿಲು ಏರಿದ್ದ ಹೊತ್ತಿನಲ್ಲಿ ಬಾಡಿಗೆ ಆಟೋದಲ್ಲಿ ಇನ್‌ಸ್ಪೆಕ್ಟರರು ಕೂತು ಓಣಿ ಓಣಿಯಲ್ಲಿ ಆದೇಶ ಓದಿದರು. ಪಕ್ಕದಲ್ಲಿ ಕೂತ ವಿರೂಪಾಕ್ಷಿ, ತಾಳ ತಪ್ಪಿ, ಹಲಗೆ ಬಡಿದ. ಎರ್ರಣ್ಣ ಆಟೋದ ಹಿಂದೆ ನಡೆದ. ಊರ ನಡುವಿನ ಓಣಿಗಳು ಮುಗಿದು ಆಟೋ ತಿರುಗುವಾಗ, "ನಮ್ಮ ಓಣಿ ಉಳಿತು" ಎಂದ. ಅಲ್ಲಿ ಮುಗಿದ ಮೇಲೆ, "ಬೀಳು ಹೊಲದಾಗ ಎರಡು ಕುರಿ ಮಂದಿ ಇಳದಾವು" ಎಂದ. ಆಟೋ ಹೋಗದ ಬದುವಿನ ಮೇಲೆ ಇನ್‌ಸ್ಪೆಕ್ಟರರು ಮೈಕು ಬಿಟ್ಟು, ಕೈಯಲ್ಲಿ ಕಾಗದ ಹಿಡಿದು, ಬೂಟಿಗೆ ಕೆಸರು ಮೆತ್ತಿಸಿಕೊಂಡು ನಡೆದು ಹೋಗಿ, ಕಂಬಳಿ ಹೊದ್ದ ಇಬ್ಬರು ಕುರಿಗಾರರ ಮುಂದೆ ನಿಂತು ಪೂರ್ತಿ ಓದಿದರು.

ಆ ಭಾನುವಾರ ಕುರಿ ಸಂತೆ ಕೂಡಲಿಲ್ಲ. ರಾಮಾಂಜಿನಿಯ ಮೂರು ಮರಿ ಸತ್ತವು, ಒಂಬತ್ತು ಉಳಿದವು. ಊರಿನ ಬೇರೆ ಯಾವ ಮಂದೆಯಲ್ಲಿಯೂ ಗಂಟು ಏಳಲಿಲ್ಲ. ಈಗಲಾದರೂ ನಿನಗೆ ಸಮಾಧಾನವಾಯಿತೇ ಎಂದು ಊರಲ್ಲಿ ಕೆಲವರು ಕೇಳಿದರು. ಎರ್ರಣ್ಣ ಪಾರಮ್ಮನ ದಾವೆಯ ಮುಂದಿನ ತಾರೀಖು ಹೇಳಿದ.

ಪಾರಮ್ಮನ ಪರಿಹಾರದ ದಾವೆ ಬಳ್ಳಾರಿಯಲ್ಲಿ ಇನ್ನೂ ನಡೆದಿದೆ. ವಾಯಿದೆಯ ದಿನ ಎರ್ರಣ್ಣ ಕೂಲಿ ಬಿಟ್ಟು ಬೆಳಗಿನ ಬಸ್ಸಿಗೆ ಹೊರಡುತ್ತಾನೆ. ಅವನ ಸಾಕ್ಷಿ ಮುಗಿದಿದೆ, ಬರುವ ಅಗತ್ಯವಿಲ್ಲ ಎಂದು ಶೈಲಜಾ ಎರಡು ಮೂರು ಸಲ ಹೇಳಿದರು.

"ಇರ್ಲಿ ಬಿಡ್ರಿ ಮೇಡಂ" ಎಂದ ಅವನು. "ನಾ ಮುಂದಿನ ಬೆಂಚಿನ್ಯಾಗ ಕುಂದ್ರತೀನಿ. ಅವರು ಬಂದು ಸುಳ್ಳು ಹೇಳಬೇಕಂದ್ರ ನನ್ನ ಮಾರಿ ನೋಡಿಕೋತ ಹೇಳಲಿ."